ತೇತೇಲಿಗುರಿಯ ಐದನೆಯ ಅಂಗಳ

ತೇತೇಲಿಗುರಿ, ಮಾಜುಲಿ
ಜುಲೈ ೨೨, ೧೯೮೪

ಮುಹಿ,

ನಿನ್ನ ಕಾಗದ ಮೊದಲು ಶಿಬಸಾಗರಕ್ಕೆ ಹೋಗಿ, ಅಲ್ಲಿ ಯಾರಿಗೂ ಬೇಡವಾಗಿ, ಮೊನ್ನೆ ಜೊಯ್‌ರಾಮನ ದೋಣಿಯಲ್ಲಿ ಬಂತು. ಹೋದ ವರ್ಷವೇ ನಾವು ಜೋರಹಾಟ್ ಜಿಲ್ಲೆಯವರಾದೆವು, ವಿಳಾಸದಲ್ಲಿ ಹಾಗೇ ಬರಿ ಎಂದು ಎಷ್ಟು ಸಲ ಹೇಳಲಿ? ನಾವು ಕೂತಲ್ಲೇ ಕೂತಿದ್ದೆವು, ಜಿಲ್ಲೆ ಎದ್ದು ಹೋಯಿತು. ಊರಿನ ಯಜಮಾನಿಕೆ ಮಾಡಿ ಮಾಡಿ ಹಲ್ಲೆಲ್ಲ ಉದುರಿಸಿಕೊಂಡಿರುವ ಹಲಧರ ಕಾಕಾ ನಗುತ್ತಾನೆ, "ಹುಚ್ಚು ನದಿಗೊಂದಕ್ಕೇ ಅಂದ್ಕೊಂಡಿದ್ದೆ ಕಣೇ ತೋಷೆ, ಸರ್ಕಾರಕ್ಕೂ ಹಿಡೀತಲ್ಲ!" ಅಂತ.

ಲುಯಿತ್ ಈ ಸಲ ಬೇಗ ತುಂಬಿದ್ದಾನೆ. ಕೆಂಪು ನೀರು. ಆಚೆ ದಡ ಕಾಣುವುದಿಲ್ಲ, ಅಂದರೆ ನೀವೂ ಕಾಣುವುದಿಲ್ಲ. ಒಂದೇ ಜಿಲ್ಲೆಯಂತೆ, ನಡುವೆ ನಮ್ಮ ಲುಯಿತ್, ಇಷ್ಟು ದೊಡ್ಡ ಬ್ರಹ್ಮಪುತ್ರ! ಊಟಕ್ಕೆ ಕೂತಾಗ ದೂರದಲ್ಲಿ ದೊಡ್ಡ ಮಡಕೆ ಮಗುಚಿದ ಹಾಗೆ ಸದ್ದಾಗುತ್ತದೆ. ದಡದ ಒಂದು ತುಂಡು ನೀರಿಗೆ ಬಿತ್ತು ಎಂದರ್ಥ. ನಿನ್ನ ಭಾವ ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಳ್ಳುತ್ತಾರೆ, ಆಮೇಲೆ ಬಾಯಿಗಿಡುತ್ತಾರೆ. ಗಾಬರಿಯಾಗಬೇಡ, ನಾವೆಲ್ಲ ಚೆನ್ನಾಗಿದ್ದೇವೆ.

ನಿನ್ನೆ ಒಂದು ಕನಸು ಬಿತ್ತು. ನಮ್ಮೂರಿನ ಮನೆಗಳೆಲ್ಲ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸರ ಹಾಗೆ ಮೊಣಕಾಲುದ್ದದ ನೀರಿನಲ್ಲಿ ನಡೆದು ಹೋಗುತ್ತಿದ್ದವು. ಮುಂದೆ ಊರಿನ ಭಜನೆಮನೆ ನಾಮಘರ, ಒಳಗೆ ದೀಪ ಹಚ್ಚಿಯೇ ಇತ್ತು. ಯಾವ ಮನೆಗೂ ಅವಸರವಿಲ್ಲ. ನಾನು ದಡದಲ್ಲಿ ನಿಂತು "ನಿಲ್ರೇ, ನಾನೂ ಬರ್ತೀನಿ" ಎಂದು ಕೂಗುತ್ತಿದ್ದೆ.

ಇದನ್ನು ಆಯಿಗೆ ಓದಿ ಹೇಳು, ಮಗಳ ಕಾಗದಕ್ಕೆ ಕಾದಿರುತ್ತಾಳೆ. ಕನಸಿನ ಭಾಗ ನಿಧಾನವಾಗಿ ಓದು. ಅವಳ ಕಣ್ಣು ಹೇಗಿದೆ?

ನಿನ್ನ ಅಕ್ಕ, ನಿನ್ನ ಬೈದೇವ್,
ತೋಷೇಶ್ವರಿ

*

ಢೆಕಿಯಾಜಾನ್, ಜೋರಹಾಟ್ ಜಿಲ್ಲೆ (ಸರಿಯಾಯಿತೇ?)
ಆಗಸ್ಟ್ ೩೦, ೧೯೮೪

ಬೈದೇವ್,

ಕಾಗದವನ್ನು ಆಯಿ ಮತ್ತೆ ಮತ್ತೆ ಓದಿಸಿದಳು. ಆಮೇಲೆ ಕೈಗೆ ತೆಗೆದುಕೊಂಡು ಮೂಸಿದಳು. "ಮಣ್ಣಿನ ವಾಸನೆ ಇಲ್ಲ, ಇವಳು ಕೈ ತೊಳ್ಕೊಂಡು ಬರೆದಿದಾಳೆ" ಎಂದಳು. ಕಣ್ಣಿನ ಪೊರೆ ಬಲಿತಿದೆ. ಬೆಳಕು, ನೆರಳು ಇಷ್ಟೇ ಗೊತ್ತಾಗುವುದು. ಆಪರೇಷನ್ ಮಾಡಿಸೋಣ ಎಂದರೆ, "ಈ ಊರಲ್ಲಿ ನೋಡೋಕೆ ಏನಿದೆ ಬಿಡೋ" ಅನ್ನುತ್ತಾಳೆ. ಅತ್ತೆ ಹೀಗಂದರೆ ನಿರೋಲಾಗೆ ಬೇಸರವಾಗುತ್ತದೆ. ಅವಳ ತೌರಿನ ಊರಲ್ಲವೇ ಇದು.

ನಾನು ಚೆನ್ನಾಗಿದ್ದೇನೆ. ಮಡಕೆ ಸುಡುವ ಆವಿಗೆ ದೊಡ್ಡದು ಮಾಡಿದ್ದೇನೆ. ಇಲ್ಲಿನ ಮಣ್ಣೂ ಪರವಾಗಿಲ್ಲ, ಮಾತು ಕೇಳುತ್ತದೆ. ದೋಣಿ ತುಂಬ ಮಡಕೆ ಹೇರಿಕೊಂಡು ಘಾಟಿನಿಂದ ಘಾಟಿಗೆ ಅಲೆದು ಭತ್ತಕ್ಕೆ ಮಾರುವ ಕರ್ಮವಿಲ್ಲ. ಕೊಳ್ಳುವವರೇ ಲಾರಿ ತರುತ್ತಾರೆ.

ಮೂರು ವರ್ಷದ ಹಿಂದೆ ನಾನು ಹೊರಟಾಗ ನೀನು ದೋಣಿಯ ತನಕ ಬೈದುಕೊಂಡು ಬಂದಿದ್ದೆ, ನೆನಪಿದೆಯೇ? "ಮೂಲಗಂಬ ಕಿತ್ಕೊಂಡು ಹೋಗ್ತೀಯೇನೋ ಪಾಪಿ!" ಅಂತ. ಆ ಕಂಬ ಈಗ ನನ್ನ ನಡುಮನೆಯಲ್ಲಿ ಇಡೀ ಚಾವಣಿ ಹೊತ್ತು ನಿಂತಿದೆ. ಅಜ್ಜನ ಅಜ್ಜ ನಾಹೊರ್ ಮರದಿಂದ ಕಡಿದದ್ದು ಅಂತಾರೆ, ಇನ್ನೂ ಕಬ್ಬಿಣದ ಹಾಗಿದೆ. ಆಯಿ ಇಡೀ ದಿನ ಅದಕ್ಕೇ ಒರಗಿ ಕೂತಿರುತ್ತಾಳೆ.

ಊರಿನ ಬಗ್ಗೆ ಇನ್ನೂ ಬರಿ. ಬರೀ ನದಿ, ಕನಸು ಬರೆದರೆ ಅವಳಿಗೆ ಸಾಲದು. ಯಾರ ಮನೆ ಹೇಗಿದೆ, ಬೇಲಿ ಹೇಗಿದೆ, ಎಲ್ಲ ಬೇಕಂತೆ.

ನಿನ್ನ ಮುಹಿಕಾಂತ್

*

ತೇತೇಲಿಗುರಿ
ಅಕ್ಟೋಬರ್ ೧೮, ೧೯೮೪

ಮುಹಿ,

ಆಯಿಗಾಗಿ ಬರೆಯುತ್ತಿದ್ದೇನೆ, ನೀನು ಬರೀ ಓದುವವನು. ಗಂಟಲು ಸರಿಮಾಡಿಕೊಂಡು ಓದು.

ಆಯಿ, ಆಕಾಶ ತೊಳೆದಿಟ್ಟ ಹಾಗಿದೆ. ದಡದ ಉದ್ದಕ್ಕೂ ಕಾಸಹುಲ್ಲು ಬೆಳ್ಳಗೆ ಹೂಬಿಟ್ಟಿದೆ. ಬಾ, ಘಾಟಿನಿಂದ ನಡೆದು ಬರೋಣ. ಮೊದಲು ನಾಮಘರ. ಆಮೇಲೆ ಹಲಧರ ಕಾಕಾನ ಮನೆ, ಬೇಲಿ ತುಂಬ ವೀಳ್ಯದೆಲೆ. ಆಮೇಲೆ ಪೋದುಮಿ ಅತ್ತೆ. ಇಡೀ ದಿನ ಮಗ್ಗದ ಮುಂದೆ ಕೂತು, ಹೋಗೋರು ಬರೋರನ್ನೆಲ್ಲ ಬೈಯುವುದು ಅವಳ ಕೆಲಸ, ಅದು ಬದಲಾಗಿಲ್ಲ. ಮೂರನೆಯದು ಜೊಯ್‌ರಾಮನದು, ಅಂಗಳದಲ್ಲಿ ದೋಣಿ ಮಗುಚಿ ಹಾಕಿ ಡಾಂಬರು ಬಳಿಯುತ್ತಿದ್ದಾನೆ. ನಾಲ್ಕನೆಯದು ಥಾನುರಾಮನದು. ಮೂವರು ಗಂಡು ಮಕ್ಕಳು, ಮೂವರಿಗೂ ಮದುವೆ ವಯಸ್ಸು, ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಜೊತೆಗೆ ಆಡುಗಳು ಬೇರೆ. ಐದನೆಯದು ನಮ್ಮದು, ನಿನ್ನ ಅಂಗಳ. ಸದ್ಯ ಹುಲ್ಲು ಬೆಳೆದಿದೆ, ಹಸಿರು ಹುಲ್ಲು. ಆರನೆಯದು ನನ್ನ ಗಂಡನ ಮನೆ, ಅಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ಬೆಳಗಿನ ಬಿಸಿಲು ನೇರ ನಿನ್ನ ಅಂಗಳಕ್ಕೇ ಬೀಳುತ್ತಿದೆ, ಎಷ್ಟು ಚೆಂದ ಗೊತ್ತೇ.

ಹೊಸ ಜಿಲ್ಲೆಯ ನಕ್ಷೆ ಬರೆಯುವವರು ಬಂದಿದ್ದರು, ಸರಪಳಿ, ಕೆಂಪು ಬಾವುಟ ಎಲ್ಲ ಹಿಡಿದುಕೊಂಡು. ಹಲಧರ ಕಾಕಾನನ್ನು "ಇದ್ಯಾವ ಊರು ಅಜ್ಜ?" ಎಂದು ಕೇಳಿದರು. "ತೇತೇಲಿಗುರಿ. ಹುಣಸೆಮರದ ಬುಡ." "ಹುಣಸೆಮರ ಎಲ್ಲಿ?" "ನಮ್ಮ ಅಜ್ಜನ ಕಾಲದಲ್ಲೇ ನೀರಿಗೆ ಹೋಯ್ತು." "ಬುಡ?" "ಬುಡ ಇದೇ ಅಲ್ವೇ, ನಾವೆಲ್ಲ ನಿಂತಿರೋದು!" ಆ ಹುಡುಗರೂ ನಕ್ಕರು, ಚಹಾ ಕುಡಿದು ಹೋದರು.

ಮುಹಿ, ಇದು ನಿನಗೆ. ಈ ಮಾಘ ಬಿಹು ಹಬ್ಬಕ್ಕೆ ನೀನು ಬರಲೇಬೇಕು. ನೆಪ ಹೇಳಬೇಡ. ಬರುವಾಗ ಏನು ತರಬೇಕು ಎನ್ನುವುದು ನಿನಗೇ ಗೊತ್ತು.

ತೋಷೇಶ್ವರಿ

*

ಢೆಕಿಯಾಜಾನ್
ನವೆಂಬರ್ ೨೫, ೧೯೮೪

ಬೈದೇವ್,

ಇಷ್ಟು ದೊಡ್ಡ ಸುಳ್ಳು ಹೇಳಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಹೋದ ವಾರ ಕೆಲಸದ ಮೇಲೆ ದೊಡ್ಡ ದೋಣಿಯಲ್ಲಿ ಲಖೀಂಪುರದ ಕಡೆಗೆ ಹೋಗಿದ್ದೆ. ತೇತೇಲಿಗುರಿಯ ತಿರುವು ಬಂದಾಗ ಎದ್ದು ನಿಂತೆ. ನಿನಗೆ ಕೇಳಿಸುವ ಹಾಗೆ ಕೂಗಬೇಕೆಂದಿದ್ದೆ. ಎಲ್ಲಿ ಊರು? ಮಂಜು, ಮಂಜಿನ ಕೆಳಗೆ ನೀರು. ಅಂಬಿಗ ಕೋಲು ಇಳಿಸಿದ, ತಳ ಸಿಗಲಿಲ್ಲ. "ನಿಮ್ಮೂರಿನ ಮೇಲೇನೇ ಹೋಗ್ತಾ ಇದೀವಿ ದಾದಾ" ಎಂದ. ನಾನು ಬಗ್ಗಿ ನೋಡಿದೆ ಬೈದೇವ್. ನೀರಿನೊಳಗೆ ನಮ್ಮ ಅಂಗಳ ಕಾಣುತ್ತದೆಯೇ ಎಂದು ಹುಚ್ಚನ ಹಾಗೆ ನೋಡಿದೆ. ಒಂದು ಕ್ಷಣ ನಾಮಘರದ ದೀಪ ಕಂಡಂತಾಯಿತು. ಅದು ನಮ್ಮದೇ ದೋಣಿಯ ಲಾಟೀನು.

ವೀಳ್ಯದೆಲೆ ಬೇಲಿಯಂತೆ, ಮಗ್ಗವಂತೆ, ಹಸಿರು ಹುಲ್ಲಂತೆ! ಆಯಿ ಪ್ರತಿದಿನ ನಿನ್ನ ಕಾಗದ ಓದಿಸುತ್ತಾಳೆ. ಈಗ ನಾನು ಅವಸರದಲ್ಲಿ ಓದಿ ಮಡಚಿಡುತ್ತೇನೆ. ಅವಳಿಗಿನ್ನೂ ಹೇಳಿಲ್ಲ. ಬಿಸಿಲಿನ ಸಾಲು ಬಂದಾಗ ಮಾತ್ರ ಅವಳು ಒಬ್ಬಳೇ ನಗುತ್ತಾಳೆ. "ನಮ್ಮಂಗಳಕ್ಕೆ ಬೆಳಗಿನ ಬಿಸಿಲು? ಸೂರ್ಯ ಯಾವಾಗ ಕಣೋ ಜಾಗ ಬದಲಾಯಿಸಿದ್ದು?" ಅನ್ನುತ್ತಾಳೆ. ಅರುಳುಮರುಳು ಶುರುವಾಯಿತೇನೋ.

ವಾಪಸು ಬರುವಾಗ ನಿಮಾತಿ ಘಾಟಿನಲ್ಲಿ ಥಾನುರಾಮ ಸಿಕ್ಕಿದ್ದ. ಮಡಕೆ ಇಳಿಸುತ್ತಿದ್ದ. ಎಲ್ಲಿದ್ದೀರೋ, ಹೇಗಿದ್ದೀರೋ ಎಂದು ಕೇಳುವ ಧೈರ್ಯವೇ ಆಗಲಿಲ್ಲ. ಅವನೇ ಸಂಕೋಚಪಡುತ್ತ, "ಮುಹಿ, ನೀನಂತೂ ಬರೋ ಹಾಗೆ ಕಾಣಲ್ಲ. ನಿನ್ನ ಜಾಗ ನಮ್ ದೊಡ್ಡೋನಿಗೆ ಕೊಡ್ತೀಯಾ?" ಎಂದ. ನಗು ಬಂತು. ನೀರಿನಲ್ಲಿ ಎಂಥ ಜಾಗ? "ತಗೋ ಮಾರಾಯ, ಎಲ್ಲಾ ನೀನೇ ತಗೋ" ಎಂದೆ. ಅಳು ಬರುವುದರ ಬದಲು ನಗು ಬಂತು, ಅಷ್ಟೇ.

ಇನ್ನು ಸುಳ್ಳು ಬರೆಯಬೇಡ. ಎಲ್ಲಿದ್ದೀಯೆಂದು ಬರಿ. ಬಂದು ಕರೆದುಕೊಂಡು ಬರುತ್ತೇನೆ.

ಮುಹಿಕಾಂತ್

*

ತೇತೇಲಿಗುರಿ
ಡಿಸೆಂಬರ್ ೧೪, ೧೯೮೪

ಮುಹಿಕಾಂತ್,

ಎಲ್ಲಿದ್ದೇನೆ ಎಂದು ಕೇಳಿದ್ದೀಯ. ಮೇಲೆ ಬರೆದಿದ್ದೇನಲ್ಲ, ಓದಲು ಬರುವುದಿಲ್ಲವೇ? ತೇತೇಲಿಗುರಿಯಲ್ಲಿದ್ದೇನೆ. ನಿನ್ನ ಕಾಗದ ಯಾವ ವಿಳಾಸಕ್ಕೆ ಬಂತು? ಜೊಯ್‌ರಾಮ ಯಾವ ಊರಿಗೆ ತಂದುಕೊಟ್ಟ? ನೀರಿನ ತಳಕ್ಕೇ?

ಆ ಕುಂಬಾರ ಬುದ್ಧಿಯೆಲ್ಲ ಮೂರೇ ವರ್ಷಕ್ಕೆ ತೊಳೆದುಹೋಯಿತೇ ನಿನಗೆ? ಆಗಸ್ಟಿನ ಕೊನೆಯಲ್ಲಿ ದಡ ನಾಮಘರದ ಮೆಟ್ಟಿಲಿಗೆ ಬಂತು. ಹಲಧರ ಕಾಕಾ ದೀಪ ಎತ್ತಿಕೊಂಡು ಮುಂದೆ ನಡೆದ. ಹಿಂದೆ ನಾವೆಲ್ಲ, ಕಂಬ, ಬಿದಿರು, ಮಗ್ಗ, ಆಡು, ಒಲೆಯ ಕಲ್ಲು ಹೊತ್ತುಕೊಂಡು. ಉತ್ತರದ ಕಾಸಹುಲ್ಲಿನ ಬಯಲಿಗೆ ಬಂದು, ಸಾಲು ಹಿಡಿದು ನಿಂತೆವು. ಯಾರೂ ಒಳ್ಳೆಯ ಜಾಗ ಆರಿಸಿಕೊಳ್ಳಲಿಲ್ಲ, ಯಾರೂ ಜಗಳವಾಡಲಿಲ್ಲ. ಘಾಟಿನಿಂದ ಮೊದಲು ಯಾರೋ ಅವರೇ ಮೊದಲು, ಪಕ್ಕದಲ್ಲಿ ಯಾರಿದ್ದರೋ ಅವರೇ ಪಕ್ಕದಲ್ಲಿ. ಹುಣಸೆಮರ ಹೋದಾಗಲೂ ಹೀಗೇ, ಭೂಕಂಪದ ವರ್ಷ ನಾನು ಹೊಟ್ಟೆಯಲ್ಲಿದ್ದಾಗ ಆಯಿ ಒಲೆಕಲ್ಲು ಹೊತ್ತು ನಡೆದದ್ದೂ ಹೀಗೇ. ಇಡೀ ಮಾಜುಲಿಯೇ ನದಿ ದಾರಿ ತಪ್ಪಿ ಹುಟ್ಟಿದ ನೆಲ. ಅದರ ಮೇಲೆ ಕೂತು ಮಣ್ಣು ಅಲುಗಬಾರದು ಎಂದರೆ ಹೇಗೋ? ಮಣ್ಣು ಹೋಗುತ್ತದೆ. ಸಾಲು ಹೋಗುವುದಿಲ್ಲ. ಅಜ್ಜ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದನ್ನೇ ತಾನೇ ಹೇಳುತ್ತಿದ್ದದ್ದು?

ಎತ್ತಂಗಡಿಯ ವಿಷಯ ಬರೆಯಲಿಲ್ಲ, ನಿಜ. ಬರೆದಿದ್ದರೆ ಆಯಿ ಬಿದಿರುಮೆಳೆ ಹೋಯಿತೆಂದು ಅಳುತ್ತಿದ್ದಳು. ನೀನು "ನಾನು ಅವತ್ತೇ ಹೇಳ್ಲಿಲ್ವಾ" ಅನ್ನುತ್ತಿದ್ದೆ. ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ. ಆದರೆ ಹುಲ್ಲು ಸುಳ್ಳಲ್ಲ, ವೀಳ್ಯದೆಲೆ ಸುಳ್ಳಲ್ಲ. ಬಳ್ಳಿ ಕತ್ತರಿಸಿ ತಂದು ನೆಟ್ಟಿದ್ದು ಚಿಗುರಿದೆ. ಬಿಸಿಲು ಮಾತ್ರ ಈಗ ಬೇರೆ ಕಡೆಯಿಂದ ಬರುತ್ತದೆ. ಆಯಿಗೆ ಅರುಳುಮರುಳಲ್ಲವೋ ದಡ್ಡ, ಅವಳಿಗೆ ಆ ಒಂದೇ ಸಾಲಿನಲ್ಲಿ ಎಲ್ಲ ತಿಳಿದಿದೆ.

ಈಗ ಕೇಳು, ನೀನು ಮಾಡಿದ್ದೇನು ಅಂತ. ಸಾಲಿನಲ್ಲಿ ನಿನ್ನ ಜಾಗ ಬಿಟ್ಟಿದ್ದೆವು. ಥಾನುರಾಮನ ಬೇಲಿಗೂ ನನ್ನ ಬೇಲಿಗೂ ನಡುವೆ ಒಂದು ಮನೆಯಷ್ಟು ಜಾಗ. ಮಾಘ ಬಿಹುವಿನ ಮೇಜಿಗೆ, ಆ ಹುಲ್ಲು ಬಿದಿರಿನ ರಾಶಿಗೆ, ಬೆಂಕಿ ಹಚ್ಚುವುದರೊಳಗೆ ಮೂಲಗಂಬ ನೆಡದವರ ಜಾಗವನ್ನು ಅಕ್ಕಪಕ್ಕದವರು ಬೇಲಿ ಸರಿಸಿ ಮುಚ್ಚಬೇಕು, ಸಾಲಿನಲ್ಲಿ ಬಾಯಿ ತೆರೆದ ಜಾಗ ಇರಬಾರದು. ಇದು ನಿನಗೆ ಗೊತ್ತು. ಥಾನುರಾಮ ಮೊನ್ನೆ ಬಿದಿರು ತಂದು ನಿನ್ನ ಹುಲ್ಲಿನ ಮೇಲೆ ಹಾಕಿದ. ನಾನು ಕುಡುಗೋಲು ಹಿಡಿದು ಹೋದೆ. "ಬೈದೇವ್, ನಾನೇನ್ ಕದ್ದಿಲ್ಲ. ಕೇಳಿದೆ, ಮುಹಿ ಕೊಟ್ಟ. ಘಾಟಲ್ಲಿ ಹತ್ತು ಜನರ ಎದುರಿಗೆ ಕೊಟ್ಟ" ಎಂದ. ಪಾಪ, ಅವನ ಮುಖದಲ್ಲಿ ಮೋಸವಿರಲಿಲ್ಲ. ನಾನು ಏನು ಹೇಳಲಿ? ನನ್ನ ತಮ್ಮ ತಮಾಷೆಗೆ ತಾಯಿಯ ಅಂಗಳ ಕೊಟ್ಟ ಅನ್ನಲೇ?

ಬಿಹುವಿನ ತನಕ ಕಾಯುವಂತೆ ಹಲಧರ ಕಾಕಾ ಅವನನ್ನು ಒಪ್ಪಿಸಿದ್ದಾನೆ. ಕಂಬ ಹೊತ್ತು ಬಾ ಮುಹಿ. ಈ ಜಾಗ ಹೋದರೆ ನಮ್ಮಪ್ಪನ ಮನೆ ಈ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ. ನಾನು ಆರನೆಯ ಮನೆಯವಳಾಗಿ ಹುಟ್ಟಲಿಲ್ಲ. ಐದನೆಯ ಅಂಗಳದಲ್ಲಿ ಹುಟ್ಟಿದವಳು.

ತೋಷೇಶ್ವರಿ

*

ಢೆಕಿಯಾಜಾನ್
ಜನವರಿ ೮, ೧೯೮೫

ಬೈದೇವ್,

ನಿನ್ನ ಕಾಗದ ಓದಿದೆ. ಕಿವಿ ಹಿಂಡಿಸಿಕೊಂಡ ಹಾಗಾಯಿತು. ಥಾನುರಾಮನಿಗೆ ಅಂದದ್ದು ತಪ್ಪು. ಆದರೆ ಬರಲಾರೆ.

ಸುಳ್ಳು ನಾನೂ ಹೇಳಿದ್ದೇನೆ. ಇಲ್ಲಿ ಮಡಕೆ ಇಲ್ಲ, ಮಣ್ಣು ಬರೀ ಮರಳು, ಕೈಯಲ್ಲಿ ನಿಲ್ಲುವುದಿಲ್ಲ. ಬಂದ ವರ್ಷವೇ ಬಿಟ್ಟೆ. ಇಟ್ಟಿಗೆ ಭಟ್ಟಿಯಲ್ಲಿ ಕೆಲಸಕ್ಕಿದ್ದೇನೆ. ಲಖೀಂಪುರಕ್ಕೆ ಹೋಗಿದ್ದೂ ಇಟ್ಟಿಗೆ ಹೇರಿಕೊಂಡೇ. ಇಡೀ ದಿನ ಒಂದೇ ಅಚ್ಚು, ಒಂದೇ ಆಕಾರ. ಒಮ್ಮೊಮ್ಮೆ ಯಾರೂ ನೋಡದಾಗ ಒಂದು ಉಂಡೆ ತೆಗೆದುಕೊಂಡು ಆಯಿ ಮಾಡುವ ಹಾಗೆ ತಟ್ಟಿ ನೋಡುತ್ತೇನೆ. ಬಿರುಕು ಬಿಡುತ್ತದೆ. ನಿನಗೆ ಹೇಳಲು ನಾಚಿಕೆಯಾಗಿತ್ತು.

ಆದರೂ ಇದು ನೆರೆ ತಡೆಯುವ ಕಟ್ಟೆಯ ಈಚೆಗಿನ ನೆಲ. ಬೆಳಗ್ಗೆ ಎದ್ದರೆ ರಾತ್ರಿ ಇದ್ದಲ್ಲೇ ಇರುತ್ತದೆ. ಮೂಲಗಂಬ ಕಿತ್ತರೆ ಈ ಮನೆ ಕುಸಿದು ಕೂರುತ್ತದೆ. ಮತ್ತೆ ಹತ್ತು ವರ್ಷಕ್ಕೋ ಹದಿನೈದಕ್ಕೋ ನದಿಗೆ ಹೋಗುವ ಜಾಗಕ್ಕಾಗಿ ನಿರೋಲಾಳ ತಲೆಯ ಮೇಲಿನ ಸೂರು ಕೀಳಲೇ? ನೀನೇ ಹೇಳು. ಥಾನುರಾಮನ ಮಗ ಅಲ್ಲಿ ಸಂಸಾರ ಹೂಡಲಿ. ಒಳ್ಳೆಯ ಹುಡುಗ.

ಬೈದೇವ್, ಕಾಗದ ಅಂಚೆಗೆ ಹಾಕುವ ಮೊದಲೇ ಇದನ್ನು ಸೇರಿಸುತ್ತಿದ್ದೇನೆ. ಆಯಿ ಮನೆಯಲ್ಲಿಲ್ಲ. ಭಟ್ಟಿಯಿಂದ ಬಂದಾಗ ಕಂಬದ ಬುಡ ಖಾಲಿ. ನಿರೋಲಾ ಅಳುತ್ತ ಹೇಳಿದಳು. ಆಯಿ ಅವಳ ಕೈಯಲ್ಲಿ ನಿನ್ನ ಕಾಗದ ಓದಿಸಿಕೊಂಡಳಂತೆ. "ಥಾನುರಾಮನಿಗಾ? ತಮಾಷೆಗಾ?" ಎಂದು ಎರಡು ಸಲ ಕೇಳಿದಳಂತೆ. ಆಮೇಲೆ ಬಟ್ಟೆಯ ಗಂಟು ಕಟ್ಟಿಸಿಕೊಂಡು, ಪಕ್ಕದ ಮನೆಯ ಗಾಡಿಯಲ್ಲಿ ನಿಮಾತಿಗೆ ಹೋಗಿ, ಮಡಕೆ ಮಾರಲು ಬಂದಿದ್ದ ಜೊಯ್‌ರಾಮನ ದೋಣಿ ಹತ್ತಿದ್ದಾಳೆ. ನಿರೋಲಾ ಕಾಲು ಹಿಡಿದರೂ ನಿಲ್ಲಲಿಲ್ಲವಂತೆ. ಹೊರಡುವಾಗ ಕಂಬವನ್ನು ಒಂದು ಸಲ ತಟ್ಟಿ ಹೋದಳಂತೆ, ನಾವು ಮಡಕೆ ಬೆಂದಿದೆಯೇ ಎಂದು ತಟ್ಟಿ ನೋಡುತ್ತೇವಲ್ಲ, ಹಾಗೆ.

ಅವಳು ಆ ಹೊಸ ಜಾಗ ಕಂಡವಳಲ್ಲ. ಕಣ್ಣೂ ಇಲ್ಲ. ಮುಟ್ಟಿದಳೇ? ಕೂಡಲೇ ಬರಿ, ನಿನ್ನ ಕಾಲಿಗೆ ಬೀಳುತ್ತೇನೆ.

ಮುಹಿ

*

ತೇತೇಲಿಗುರಿ
ಜನವರಿ ೧೬, ೧೯೮೫

ಮುಹಿ,

ಮುಟ್ಟಿದ್ದಾಳೆ. ಉಸಿರು ಬಿಡು, ಆಮೇಲೆ ಓದು.

ಬಿಹುವಿನ ಮುಂಚಿನ ದಿನ, ಊರಿಗೆ ಊರೇ ಮೀನು ಹಿಡಿಯುವುದರಲ್ಲಿ, ಮೇಜಿಗೆ ಹುಲ್ಲು ಬಿದಿರು ಪೇರಿಸುವುದರಲ್ಲಿ ಇತ್ತು. ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ದಾರಿಯ ಘಾಟುಗಳಲ್ಲೆಲ್ಲ ಮಡಕೆ ಮಾರುತ್ತ ಐದು ದಿನಕ್ಕೆ ದೋಣಿ ಬಂತು. ಜೊಯ್‌ರಾಮ ಘಾಟಿನಿಂದ "ತೋಷೆ ಬೈದೇವ್, ಬಾ ಇಲ್ಲಿ!" ಎಂದು ಕೂಗಿದ. ಓಡಿದೆ. ಆಯಿ ಆಗಲೇ ದೋಣಿಯಿಂದಿಳಿದು ಬರಿಗಾಲಿನಲ್ಲಿ ನೆಲ ಒತ್ತಿ ನೋಡುತ್ತಿದ್ದಳು. ನಾನು ಕೈ ಹಿಡಿದೆ. ಕೊಡವಿಕೊಂಡಳು. "ನನ್ನೂರಲ್ಲಿ ನನ್ನ ಕೈ ಹಿಡೀತೀಯೇನೇ? ಬಿಡೇ" ಎಂದಳು.

ನಡೆದಳು ಮುಹಿ. ನಾನು ಹಿಂದೆ ಹಿಂದೆ. ನಾಮಘರದ ಮುಂದೆ ನಿಂತು ಕೈಮುಗಿದಳು, ಯಾರೂ ತೋರಿಸಲಿಲ್ಲ. ಹಲಧರ ಕಾಕಾನ ಬೇಲಿಗೆ ಕೈಹಾಕಿ ಒಂದು ವೀಳ್ಯದೆಲೆ ಕಿತ್ತು ಮೂಸಿದಳು. ಮಗ್ಗದ ಸದ್ದು ಕೇಳಿ, "ಪೋದುಮಿ, ಇನ್ನೂ ಸತ್ತಿಲ್ವೇನೇ?" ಎಂದಳು. ಅತ್ತೆ ಮಗ್ಗ ಬಿಟ್ಟು ಎದ್ದು, "ನೀನು ಬರ್ದೆ ಹೆಂಗೇ ಸಾಯೋದು!" ಎನ್ನುತ್ತ ಅಳತೊಡಗಿದಳು. ಆಯಿ ನಿಲ್ಲಲಿಲ್ಲ. ಡಾಂಬರಿನ ವಾಸನೆ ದಾಟಿದಳು. ಥಾನುರಾಮನ ಆಡುಗಳನ್ನು ದಾಟಿದಳು. ಆಮೇಲೆ, ಯಾರೋ ಒಳಗಿನಿಂದ ಕರೆದ ಹಾಗೆ, ಬಲಕ್ಕೆ ತಿರುಗಿದಳು. ಹುಲ್ಲಿನ ಮೇಲೆ ಬಿದ್ದಿದ್ದ ಬಿದಿರುಗಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಸರಿಯಾಗಿ ನಡುಮನೆ ಬರಬೇಕಾದಲ್ಲಿ ಕೂತಳು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅವಳು ಈ ಮಣ್ಣಿನ ಮೇಲೆ ಜನ್ಮದಲ್ಲಿ ಕಾಲಿಟ್ಟವಳಲ್ಲವೋ!

ಊರೆಲ್ಲ ಮಂಜಿನಿಂದ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತಿತು. ಥಾನುರಾಮ ತಲೆ ತಗ್ಗಿಸಿ, "ಕಾಕಿ, ನಾಳೆ ಮೇಜಿ ಹಚ್ತಾರೆ. ಕಂಬ ಬಂದಿಲ್ಲ" ಎಂದ. ಆಯಿ, "ಕಂಬಕ್ಕೆ ಏನಪ್ಪಾ ಕೆಲ್ಸ? ಜಾಗ ಬಿಟ್ಟು ಅಲುಗಬಾರ್ದು, ಅಷ್ಟೇ ತಾನೇ? ಅವನು ತರೋ ತನಕ ನಾನೇ ಕಂಬ. ಹಚ್ಕೊಳ್ಳಿ ಹೋಗಿ ನಿಮ್ಮ ಮೇಜಿ" ಎಂದಳು.

ಬೆಳಗಿನ ಜಾವ ಮೇಜಿ ಹಚ್ಚಿದರು. ಅವಳು ಏಳಲಿಲ್ಲ. ಬೆಂಕಿಯ ಬೆಳಕು ಅವಳ ಮುಖದ ಮೇಲೆ ಆಡುತ್ತಿತ್ತು. "ಎಷ್ಟು ಚೆನ್ನಾಗಿ ಕಾಣ್ತಾ ಇದೆಯೇ ತೋಷೆ" ಎಂದಳು. ಬೇಲಿ ಸರಿಸಲು ಯಾರಿಗೂ ಕೈ ಬರಲಿಲ್ಲ. ಕಡೆಗೆ ಥಾನುರಾಮನೇ ತನ್ನ ಬಿದಿರು ನೆಟ್ಟು ಅವಳ ತಲೆಯ ಮೇಲೊಂದು ಹುಲ್ಲಿನ ಚಪ್ಪರ ಹಾಕಿದ. "ಇಬ್ಬನಿ ಬೀಳುತ್ತೆ ಕಾಕಿ" ಎಂದು ಗೊಣಗಿಕೊಂಡ. ದೊಡ್ಡ ಮಗನಿಗೆ ಸಾಲಿನ ಕೊನೆಯಲ್ಲಿ ಹೊಸ ಜಾಗ ಕೇಳುತ್ತಾನಂತೆ.

ಇವತ್ತು ಅವಳಿಗೆ ಮಣ್ಣು ಕಲಸಿಕೊಟ್ಟೆ. ಚಪ್ಪರದ ಕೆಳಗೆ ಕೂತು ಮಡಕೆ ತಟ್ಟುತ್ತಿದ್ದಾಳೆ. ನಿನಗೆ ಹೇಳಲು ಏನಾದರೂ ಇದೆಯೇ ಎಂದು ಕೇಳಿದೆ. "ಬೆನ್ನು ನೋಯ್ತಾ ಇದೆ ಅನ್ನು, ಒರಗೋಕೆ ಏನೂ ಇಲ್ಲ ಅನ್ನು" ಎಂದಳು.

ತೋಷೆ

*

ಢೆಕಿಯಾಜಾನ್
ಜನವರಿ ೨೭, ೧೯೮೫

ಬೈದೇವ್,

ಆಯಿಯ ಬೆನ್ನುನೋವಿನ ಸಾಲನ್ನು ನಿರೋಲಾ ನನ್ನ ಕೈಯಿಂದ ಕಿತ್ತುಕೊಂಡು ಓದಿದಳು. ಆಮೇಲೆ ಎದ್ದು, ಚಾವಣಿಯ ಹುಲ್ಲು ಬಿಚ್ಚತೊಡಗಿದಳು. "ನಿಂತ್ಕೊಂಡು ಏನ್ ನೋಡ್ತೀರಿ, ಮೇಲೆ ಹತ್ತಿ. ಮುದುಕಿ ಎಷ್ಟು ದಿನ ಕಂಬ ಆಗಿರ್ಬೇಕು?" ಎಂದಳು. ನಾಲ್ಕು ಮಾತು ಬೈದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈಗ ನಡುಮನೆಯಲ್ಲಿ ಕೂತು ಬರೆಯುತ್ತಿದ್ದೇನೆ, ತಲೆಯ ಮೇಲೆ ಆಕಾಶ. ಕಂಬ ಅಂಗಳದಲ್ಲಿ ಮಲಗಿದೆ. ಅದರ ಬುಡದಲ್ಲಿ ಎಲ್ಲ ಊರುಗಳ ಮಣ್ಣೂ ಪದರಪದರವಾಗಿ ಅಂಟಿದೆ, ಕೆಂಪು, ಬೂದಿ, ಕಪ್ಪು. ಇಲ್ಲಿನ ಮರಳು ಮಾತ್ರ ಕೈಯಾಡಿಸಿದರೆ ಉದುರಿಹೋಯಿತು. ಭಟ್ಟಿಯ ಕೆಲಸ ಬಿಟ್ಟೆ. ಭಯವಿದೆ ಬೈದೇವ್, ಇಲ್ಲ ಅನ್ನುವುದಿಲ್ಲ. ದಡದ ಸದ್ದು ಕೇಳಿ ತುತ್ತು ಹಿಡಿದು ಕೂರುವವರಲ್ಲಿ ಇನ್ನು ನಾನೂ ಒಬ್ಬ.

ಗುಂಡಿ ತೋಡಿಸಿಡು. ಆಳ ನಿನಗೆ ಗೊತ್ತು. ಥಾನುರಾಮನಿಗೆ ಹೇಳು, ಅವನ ಮಗನ ಮನೆಗೆ ಮೊದಲ ಬಿದಿರು ನಾನೇ ಹೊರುತ್ತೇನೆ ಅಂತ.

ಘಾಟಿಗೆ ಯಾರೂ ಬರಬೇಡಿ. ಕಂಬದ ಹಿಂದಿನ ತುದಿ ನಿರೋಲಾ ಹಿಡಿಯುತ್ತಾಳೆ. ಮುಂದೆ ನಾನು, ಕಣ್ಣು ಮುಚ್ಚಿಕೊಂಡೇ ಬರುತ್ತೇನೆ. ಬಲಕ್ಕೆ ಎಲ್ಲಿ ತಿರುಗಬೇಕೆಂದು ಆಯಿ ಯಾರನ್ನೂ ಕೇಳಲಿಲ್ಲವಲ್ಲ, ನಾನೂ ಕೇಳುವುದಿಲ್ಲ. ತಪ್ಪಿ ಥಾನುರಾಮನ ಆಡಿನ ಮೇಲೆ ಬಿದ್ದರೆ ಮಾತ್ರ ನಗಬೇಡ.

ನಿನ್ನ ಮುಹಿ